ಅವ್ವನ ಅಳತೆಗೆ ವೀಲ್‌ಚೇರ್ ಬೇಕು, ಆದರೆ ಬಚ್ಚಲ ಬಾಗಿಲು 27 ಇಂಚು

ಬಸ್ಸಾರುಮನೆ, ಮಂಡ್ಯ
ಭಾನುವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಇಲ್ಲಿ ಬರೆಯುತ್ತಿರುವುದು ಮೊದಲ ಸಲ. ಉದ್ದ ಆದರೆ ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಅವ್ವನಿಗೆ 63 ವರ್ಷ. ಮಂಡಿ ಎರಡೂ ಸವೆದಿವೆ, ಜೊತೆಗೆ ಶುಗರ್. ಗೋಡೆ ಹಿಡಿದು ಎದ್ದು ನಿಲ್ಲುತ್ತಾಳೆ, ಎರಡು ಹೆಜ್ಜೆ ಇಡುತ್ತಾಳೆ, ಅಷ್ಟೇ. ತೂಕ ಜಾಸ್ತಿ. ಎಷ್ಟು ಅಂತ ನಮಗೇ ಗೊತ್ತಿಲ್ಲ. ಮನೆಯ ತೂಕದ ಯಂತ್ರ 120 ದಾಟಿದರೆ ಬರೀ ಗೆರೆ ತೋರಿಸಿ ಸುಮ್ಮನಾಗುತ್ತದೆ.

ಪಕ್ಕದ ಮನೆಯವರ ಹತ್ತಿರ ಒಂದು ಮಾಮೂಲಿ ವೀಲ್‌ಚೇರ್ ಇತ್ತು. ನಾಲ್ಕು ತಿಂಗಳ ಹಿಂದೆ ಮದ್ದೂರು ಕಡೆ ನೆಂಟರ ಬೀಗರೂಟ. ಅವ್ವ ಎರಡು ವರ್ಷದಿಂದ ಯಾವ ಬೀಗರೂಟಕ್ಕೂ ಹೋಗಿರಲಿಲ್ಲ, ಈ ಸಲ ಬಲವಂತ ಮಾಡಿ ಆ ಕುರ್ಚಿಯಲ್ಲಿ ಕೂರಿಸಿಕೊಂಡು ಹೋದೆವು. ಎಲೆಗೆ ಮುದ್ದೆ ಬಿದ್ದಿತ್ತು, ಸಾರು ಇನ್ನೂ ಬಂದಿರಲಿಲ್ಲ. ಪರ್ ಅಂತ ಸದ್ದಾಯಿತು. ಸೀಟಿನ ರೆಕ್ಸಿನ್ ಎಡಗಡೆ ಸ್ಕ್ರೂ ಹೊಡೆದ ಸಾಲಿನುದ್ದಕ್ಕೂ ಹರಿದುಹೋಯಿತು. ಅವ್ವ ಜಾರಿ ಕೆಳಗಿನ ಕಬ್ಬಿಣದ ಪಟ್ಟಿ ಮೇಲೆ ಕೂತಳು. ನಾಲ್ಕು ಜನ ಹಿಡಿದು ಎತ್ತಿದರೆ ಕುರ್ಚಿಯೂ ಜೊತೆಗೇ ಎದ್ದು ಬಂತು. ಎರಡೂ ಕಡೆಯ ಕೈಹಿಡಿ ತೊಡೆಗೆ ಕಚ್ಚಿಕೊಂಡಿತ್ತು. ಯಾರೋ ಹುಡುಗರು ನಕ್ಕರು. ಅವ್ವನೂ ಅವರ ಜೊತೆ ನಕ್ಕುಬಿಟ್ಟಳು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

ಅವತ್ತಿನಿಂದ ಹೊಸ್ತಿಲು ದಾಟಿಲ್ಲ. "ನಂಗೆ ಕುರ್ಚಿನೂ ಬ್ಯಾಡ ಗಿರ್ಚಿನೂ ಬ್ಯಾಡ, ಬುಡವ್ವ" ಅನ್ನುತ್ತಾಳೆ.

ಈಗ ಒಂದು ಒಳ್ಳೆಯ ಗಟ್ಟಿ ಕುರ್ಚಿ ತರಬೇಕು ಅಂತಿದ್ದೇನೆ. ಒಂದು ಅಂಗಡಿಗೆ ಫೋನ್ ಮಾಡಿದೆ. "ಹೆವಿ ಡ್ಯೂಟಿ ಇದೆ ಮೇಡಂ, ಕಳಿಸ್ತೀವಿ" ಅಂದರು. ಯಾರಿಗೆ, ಎಷ್ಟು ದಪ್ಪ, ಎಷ್ಟು ಎತ್ತರ, ಒಂದೂ ಕೇಳಲಿಲ್ಲ. ನಮ್ಮ ಬಚ್ಚಲ ಬಾಗಿಲು 27 ಇಂಚು. ಕೈಯಲ್ಲಿ 20 ಸಾವಿರ ಇದೆ. ಗೊತ್ತಿರುವವರು ಹೇಳಿ.


ಬರೀಫಿಸಿಯೋ, ಮೈಸೂರು
ಭಾನುವಾರ, ರಾತ್ರಿ 10:25

ಅಕ್ಕ, ದಯವಿಟ್ಟು ಫೋನಲ್ಲೇ ಆರ್ಡರ್ ಮಾಡಬೇಡಿ. ಚಪ್ಪಲಿಯನ್ನೇ ಹಾಕಿ ನೋಡಿ ತಗೊಳ್ಳುತ್ತೇವೆ, ಇದು ದಿನಕ್ಕೆ ಏಳೆಂಟು ಗಂಟೆ ಕೂರುವ ಕುರ್ಚಿ.

ನಾನು ಮೈಸೂರಿನಲ್ಲಿ 14 ವರ್ಷದಿಂದ ಫಿಸಿಯೋ. ನಿಮ್ಮ ಅವ್ವನಿಗೆ ಆದದ್ದನ್ನು ಎಷ್ಟು ಸಲ ನೋಡಿದ್ದೇನೋ. ಮಾಮೂಲಿ ವೀಲ್‌ಚೇರ್‌ನ ಸೀಟು 18 ಇಂಚು ಅಗಲ, ತಡೆಯುವುದು ಸುಮಾರು 100ರಿಂದ 113 ಕೆಜಿ. ಅದರ ಮೇಲಿನವರು ಕೂತರೆ ಮೊದಲು ಹೋಗುವುದು ಸೀಟಿನ ಬಟ್ಟೆ, ಆಮೇಲೆ ಮುಂದಿನ ಸಣ್ಣ ಚಕ್ರದ ಕವಲು. ಹೆವಿ ಡ್ಯೂಟಿ ಅಂತ ಮಾರುವುದರಲ್ಲಿ ಸೀಟು 20ರಿಂದ 24 ಇಂಚು ಇರುತ್ತದೆ, 136ರಿಂದ 200 ಕೆಜಿವರೆಗೆ ತಡೆಯುತ್ತದೆ. ಅದಕ್ಕೂ ಮೇಲಿನದನ್ನು ಬೇರಿಯಾಟ್ರಿಕ್ ಅನ್ನುತ್ತಾರೆ, ನಿಮಗೆ ಅದು ಬೇಡ ಅಂದುಕೊಳ್ಳುತ್ತೇನೆ.

ಮೊದಲು ಅಳತೆ ತೆಗೆಯಿರಿ. ಮಂಚದ ಮೇಲೆ, ಸೋಫಾ ಮೇಲೆ ಕೂರಿಸಿ ಅಳೆಯಬೇಡಿ, ಮೈ ಹೂತುಹೋಗಿ ಅಳತೆ ತಪ್ಪುತ್ತದೆ. ಗಟ್ಟಿ ಮರದ ಬೆಂಚಿನ ಮೇಲೆ ಕೂರಿಸಿ. ಎರಡೂ ಪಕ್ಕಕ್ಕೆ ಒಂದೊಂದು ಹಲಗೆ ಅಥವಾ ದಪ್ಪ ಪುಸ್ತಕವನ್ನು ನೆಟ್ಟಗೆ ನಿಲ್ಲಿಸಿ, ಮೈಗೆ ತಾಗಬೇಕು, ಒತ್ತಬಾರದು. ಆ ಎರಡರ ನಡುವೆ ಟೇಪ್ ಹಿಡಿಯಿರಿ. ಟೇಪನ್ನು ಸೊಂಟದ ಸುತ್ತ ಸುತ್ತಿದರೆ ದರ್ಜಿಗೆ ಉಪಯೋಗ, ನಮಗಲ್ಲ. ದಪ್ಪ ಇರುವವರಲ್ಲಿ ಎಲ್ಲಕ್ಕಿಂತ ಅಗಲವಾದ ಜಾಗ ಸೊಂಟವೇ ಆಗಿರಬೇಕು ಅಂತಿಲ್ಲ. ಕೆಲವರಿಗೆ ತೊಡೆಯ ಮುಂಭಾಗ, ಮಂಡಿ ಹತ್ತಿರ ಅಗಲ ಜಾಸ್ತಿ. ಎಲ್ಲಿ ಜಾಸ್ತಿಯೋ ಅಲ್ಲಿ ಹಿಡಿಯಿರಿ. ಅದಕ್ಕೆ ಒಂದು ಇಂಚು ಸೇರಿಸಿ, ಅದು ಸೀಟಿನ ಅಗಲ.

"ಇರಲಿ ಬಿಡಿ, ಇನ್ನೂ ದೊಡ್ಡದೇ ತರೋಣ" ಅಂತ 24ಕ್ಕೆ ಹೋಗಬೇಡಿ. ಜಾಸ್ತಿ ಅಗಲವಾದರೆ ಒಂದು ಪಕ್ಕಕ್ಕೆ ವಾಲಿಕೊಂಡು ಕೂರುತ್ತಾರೆ, ಕೈ ಚಕ್ರಕ್ಕೆ ಎಟುಕುವುದಿಲ್ಲ, ಭುಜ ನೋವು ಶುರುವಾಗುತ್ತದೆ.

ಇನ್ನು ಆಳ. ಹಿಂಭಾಗದಿಂದ ಮಂಡಿಯ ಹಿಂದಿನ ಮಡಿಕೆವರೆಗೆ ಅಳೆದು ಎರಡು ಇಂಚು ಕಳೆಯಿರಿ. ಇಲ್ಲಿ ಒಂದು ಸೂಕ್ಷ್ಮ ಇದೆ. ದಪ್ಪ ಇರುವವರಲ್ಲಿ ಕೂರುವ ಭಾಗ ಬೆನ್ನಿಗಿಂತ ಹಿಂದಕ್ಕೆ ಚಾಚಿರುತ್ತದೆ. ಬೆನ್ನಾಸರೆಗೆ ಮೊದಲು ಅದು ತಾಗುತ್ತದೆ, ಬೆನ್ನು ತಾಗುವುದೇ ಇಲ್ಲ. ಆಗ ಮನುಷ್ಯ ಮುಂದಕ್ಕೆ ಜಾರುತ್ತಾ ಬರುತ್ತಾನೆ. ಬೆನ್ನಿನ ಬಟ್ಟೆಯನ್ನು ಪಟ್ಟಿಗಳಿಂದ ಸಡಿಲ, ಬಿಗಿ ಮಾಡಿಕೊಳ್ಳುವ ಹಾಗೆ ಇದ್ದರೆ ಕೆಳಗೆ ಸಡಿಲ ಬಿಟ್ಟು ಆ ಭಾಗಕ್ಕೆ ಜಾಗ ಕೊಡಬಹುದು.

ಬಾಗಿಲ ವಿಷಯ: ದೊಡ್ಡ ಚಕ್ರದ ಕುರ್ಚಿಯ ಒಟ್ಟು ಅಗಲ ಸೀಟಿಗಿಂತ ಸುಮಾರು 8 ಇಂಚು ಜಾಸ್ತಿ. ಸೀಟು 22 ಬಂದರೆ ಹೊರಗೆ 30. ನಿಮ್ಮ 27ರಲ್ಲಿ ಅದು ಹೋಗುವುದಿಲ್ಲ. ಆದರೆ ದಾರಿ ಇದೆ, ಮೊದಲು ಅಳತೆ ಹಾಕಿ.


ನೇರನುಡಿ72
ಸೋಮವಾರ, ಬೆಳಿಗ್ಗೆ 6:15

ತಪ್ಪು ತಿಳಿಯಬೇಡಿ, ಮೊದಲು ತೂಕ ಇಳಿಸುವ ಕಡೆ ಗಮನ ಕೊಡಿ. ಕುರ್ಚಿ ಕೊಟ್ಟು ಕೂರಿಸಿದರೆ ಇನ್ನೂ ಜಾಸ್ತಿ ಆಗುತ್ತದೆ. ದಿನಾ ಅರ್ಧ ಗಂಟೆ ವಾಕಿಂಗ್ ಮಾಡಿಸಿ.


ಒಂಟಿಕಾಲುಕೊಪ್ಪಲು, ಮೈಸೂರು
ಸೋಮವಾರ, ಬೆಳಿಗ್ಗೆ 7:02

ನೇರನುಡಿ ಸಾರ್, ಎರಡು ಹೆಜ್ಜೆ ಅಂತ ಆ ತಾಯಿ ಬರೆದಿದ್ದಾರೆ. ಎರಡು ಹೆಜ್ಜೆಯಲ್ಲಿ ಅರ್ಧ ಗಂಟೆ ವಾಕಿಂಗ್ ಹೇಗೆ ಅಂತ ನೀವೇ ಹೇಳಿ, ನಾನೂ ಕಲಿಯುತ್ತೇನೆ.

ನನ್ನ ಹೆಸರು ನೋಡಿ ಕೆಲವರಿಗೆ ನಗು ಬರಬಹುದು. ಮನೆ ಒಂಟಿಕೊಪ್ಪಲು, ಕಾಲೂ ಒಂಟಿ. ಶುಗರ್‌ನಿಂದ ಬಲಗಾಲು ಮಂಡಿಯ ಕೆಳಗೆ ಹೋಗಿ ಆರು ವರ್ಷ ಆಯಿತು. ಆಗ ನನ್ನ ತೂಕ 142. ಈಗ 127. ಆ 15 ಕೆಜಿ ಇಳಿದದ್ದು ಹಾಸಿಗೆಯಲ್ಲಿ ಮಲಗಿ ಅಲ್ಲ. ಅಳತೆಗೆ ಸರಿಯಾದ ಕುರ್ಚಿ ಬಂದ ಮೇಲೆ ನಾನೇ ಕೈಯಲ್ಲಿ ತಳ್ಳಿಕೊಂಡು ಹಾಲಿನ ಬೂತ್‌ಗೆ, ದೇವಸ್ಥಾನಕ್ಕೆ ಓಡಾಡಲು ಶುರು ಮಾಡಿದ್ದರಿಂದ.

ಅಕ್ಕ, ನಾನು ಮಾಡಿದ ತಪ್ಪು ನೀವು ಮಾಡಬೇಡಿ. ನಾನು ಮೊದಲು ತಗೊಂಡದ್ದು ಬರೀ ಅಗಲ ನೋಡಿ. ಸೀಟು ಸರಿಯಾಗಿತ್ತು. ಆದರೆ ಒಂದು ಕಾಲು ಇಲ್ಲದವನಿಗೆ ಭಾರ ಹಿಂದಕ್ಕೆ ಬೀಳುತ್ತದೆ ಅಂತ ಯಾರೂ ಹೇಳಲಿಲ್ಲ. ಒಂದು ಕಲ್ಯಾಣ ಮಂಟಪದ ಇಳಿಜಾರಿನಲ್ಲಿ ನನ್ನ ತಮ್ಮ ತಳ್ಳುತ್ತಿದ್ದ. ಚಪ್ಪಲಿ ಕಳಚಿತು ಅಂತ ಒಂದು ಗಳಿಗೆ ಕೈ ಬಿಟ್ಟ. ಮುಂದಿನ ಚಕ್ರ ಎದ್ದು ನಾನು ಅಂಗಾತ. ಆಕಾಶ, ತೋರಣ, ಒಂದು ಸೀರಿಯಲ್ ಸೆಟ್, ಎಲ್ಲಾ ಒಟ್ಟಿಗೆ ಕಂಡಿತು. ತಲೆಗೆ ಐದು ಹೊಲಿಗೆ.

ಈಗಿನ ಕುರ್ಚಿಗೆ ಹಿಂದೆ ಎರಡು ಪುಟ್ಟ ಚಕ್ರ ಇವೆ, ಆಂಟಿ ಟಿಪ್ಪರ್ ಅನ್ನುತ್ತಾರೆ. ನೆಲಕ್ಕೆ ತಾಗುವುದಿಲ್ಲ, ಕುರ್ಚಿ ಹಿಂದಕ್ಕೆ ಮಗುಚಲು ಹೋದರೆ ಆಗ ತಾಗಿ ತಡೆಯುತ್ತವೆ. ಒಂದಕ್ಕೆ ಎರಡು ಸಲ ಕೇಳಿ ಹಾಕಿಸಿಕೊಳ್ಳಿ.


ಬರೀಫಿಸಿಯೋ, ಮೈಸೂರು
ಸೋಮವಾರ, ಮಧ್ಯಾಹ್ನ 1:30

ಕೊಪ್ಪಲು ಸಾರ್ ಹೇಳಿದ್ದು ಬಹಳ ಮುಖ್ಯ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಾಲು ತೆಗೆದವರಿಗೆ ಮುಂದಿನ ಭಾರ ಕಡಿಮೆ, ಹಾಗಾಗಿ ದೊಡ್ಡ ಚಕ್ರದ ಆಕ್ಸಲ್, ಅಂದರೆ ಚಕ್ರ ತಿರುಗುವ ಅಚ್ಚು, ಇನ್ನೂ ಹಿಂದಕ್ಕೆ ಇರಬೇಕು. ಈ ಅಕ್ಕನ ಅವ್ವನ ಥರ ಎರಡೂ ಕಾಲಿದ್ದು ಹೊಟ್ಟೆ, ತೊಡೆ ದಪ್ಪ ಇದ್ದರೆ ಉಲ್ಟಾ. ಭಾರವೆಲ್ಲ ಮುಂದಕ್ಕೆ ಬಂದು ಸಣ್ಣ ಚಕ್ರದ ಮೇಲೆ ಕೂರುತ್ತದೆ. ಆಗ ತಳ್ಳಿದರೆ ಚಕ್ರ ಸರಿಯಾಗಿ ಉರುಳುವುದಿಲ್ಲ, ತಿರುಗಿಸುವುದಂತೂ ಎಮ್ಮೆ ತಿರುಗಿಸಿದ ಹಾಗೆ. ಅವರಿಗೆ ಆಕ್ಸಲ್ ಸ್ವಲ್ಪ ಮುಂದಕ್ಕೆ ತಂದರೆ ಭಾರ ದೊಡ್ಡ ಚಕ್ರದ ಮೇಲೆ ಬರುತ್ತದೆ, ಹಗುರಾಗಿ ಓಡುತ್ತದೆ. ಚೌಕಟ್ಟಿನಲ್ಲಿ ಆಕ್ಸಲ್‌ಗೆ ಒಂದೇ ತೂತು ಇದೆಯಾ, ಮೂರ್ನಾಲ್ಕು ಇವೆಯಾ ನೋಡಿ. ಮೂರ್ನಾಲ್ಕು ಇರುವುದನ್ನೇ ತಗೊಳ್ಳಿ. ಮುಂದಕ್ಕೆ ತಂದಷ್ಟೂ ಹಿಂದಕ್ಕೆ ಮಗುಚುವ ಭಯ ಜಾಸ್ತಿ, ಅದಕ್ಕೆ ಸಾರ್ ಹೇಳಿದ ಪುಟ್ಟ ಚಕ್ರ ನಿಮಗೂ ಬೇಕು.


ಆರ್ಕ್‌ಕಿಡಿ, ಮಂಡ್ಯ
ಸೋಮವಾರ, ಸಂಜೆ 5:48

ಅಕ್ಕ, ನಾನು ಮಂಡ್ಯದಲ್ಲೇ ವೆಲ್ಡಿಂಗ್ ಅಂಗಡಿ ಇಟ್ಟಿದ್ದೇನೆ. ಗೇಟು, ಗ್ರಿಲ್, ಕಬ್ಬಿನ ಟ್ರ್ಯಾಲಿ. ನಿಮ್ಮ ಪಕ್ಕದ ಮನೆಯ ಹಳೆ ಕುರ್ಚಿ ತಂದರೆ ದಪ್ಪ ಪೈಪ್ ಹಾಕಿ ಅಗಲ ಮಾಡಿಕೊಡು ಅಂತ ಜನ ಬರುತ್ತಾರೆ. ನಾನು ಮಾಡುವುದಿಲ್ಲ. ಒಂದು ಸಲ ಮಾಡಿದ್ದೆ, ನಿಜ ಹೇಳಬೇಕಲ್ಲ. ಆ ಪೈಪಿನ ಗೋಡೆ ತೆಳು. ನಾನು ಹಾಕಿದ ಬೆಸುಗೆ ಗಟ್ಟಿಯಾಗೇ ಇತ್ತು, ಆದರೆ ಬಿಸಿ ತಾಗಿದ ಪಕ್ಕದ ಜಾಗ ಮೂರು ವಾರಕ್ಕೆ ಬಿರುಕು ಬಿಟ್ಟಿತು. ಪುಣ್ಯಕ್ಕೆ ಕೂತಿದ್ದವರು ಗೋಡೆ ಪಕ್ಕ ಇದ್ದರು. ದುಡ್ಡು ವಾಪಸ್ ಕೊಟ್ಟು ಕೈ ಮುಗಿದೆ.

ಅಂಗಡಿಗೆ ಹೋದಾಗ ಕುರ್ಚಿಯನ್ನು ಬಗ್ಗಿ ಕೆಳಗಡೆಯಿಂದ ನೋಡಿ. ಮಡಚುವ ಕುರ್ಚಿಗೆ ಕೆಳಗೆ ಕತ್ತರಿ ಥರ ಎಕ್ಸ್ ಪಟ್ಟಿ ಇರುತ್ತದೆ. ಮಾಮೂಲಿಯಲ್ಲಿ ಒಂದು ಜೊತೆ. ಗಟ್ಟಿ ಕುರ್ಚಿಯಲ್ಲಿ ಎರಡು ಜೊತೆ, ಮುಂದೊಂದು ಹಿಂದೊಂದು. ಸೀಟಿನ ಮೇಲೆ ಹೆವಿ ಡ್ಯೂಟಿ ಅಂತ ಸ್ಟಿಕ್ಕರ್ ಇದ್ದು ಕೆಳಗೆ ಒಂದೇ ಎಕ್ಸ್ ಇದ್ದರೆ ನಾನಂತೂ ತಗೊಳ್ಳುವುದಿಲ್ಲ.

ಒಂದು ಪ್ರಶ್ನೆ ನನ್ನದೂ ಇದೆ. ಈ ಎಕ್ಸ್ ಯಾರ ತಲೆಯಿಂದ ಬಂತು? ಕೆಲಸಗಾರನಾಗಿ ಕೇಳುತ್ತಿದ್ದೇನೆ, ಚೆನ್ನಾಗಿ ಯೋಚನೆ ಮಾಡಿದ್ದಾನೆ.


ಬರೀಫಿಸಿಯೋ, ಮೈಸೂರು
ಸೋಮವಾರ, ರಾತ್ರಿ 8:10

ಕಿಡಿ ಅಣ್ಣ, ಅಮೆರಿಕದ ಹರ್ಬರ್ಟ್ ಎವರೆಸ್ಟ್ ಮತ್ತು ಹ್ಯಾರಿ ಜೆನ್ನಿಂಗ್ಸ್ ಎಂಬ ಇಬ್ಬರು ಎಂಜಿನಿಯರುಗಳು, 1933ರಲ್ಲಿ. ಎವರೆಸ್ಟ್‌ಗೆ ಗಣಿ ಅಪಘಾತದಲ್ಲಿ ಬೆನ್ನುಮೂಳೆ ಮುರಿದಿತ್ತು. ಅವರಿಗೆ ಕಾರಿನಲ್ಲಿ ಹಾಕಿಕೊಂಡು ಹೋಗುವಂಥ ಕುರ್ಚಿ ಬೇಕಿತ್ತು, ಇಬ್ಬರೂ ಸೇರಿ ಮಾಡಿಕೊಂಡರು. ನೀವು ಇವತ್ತು ಬಗ್ಗಿ ನೋಡುವುದು ಅದೇ ಎಕ್ಸ್.

ಸ್ಟಿಕ್ಕರ್ ವಿಷಯಕ್ಕೆ ಸೇರಿಸುತ್ತೇನೆ. ವೀಲ್‌ಚೇರ್ ಗಟ್ಟಿತನಕ್ಕೆ ಐಎಸ್‌ಒ 7176 ಅಂತ ಅಂತರರಾಷ್ಟ್ರೀಯ ಮಾನದಂಡದ ಪರೀಕ್ಷೆಗಳಿವೆ. ಕುರ್ಚಿಯ ಮೇಲೆ ಮನುಷ್ಯನ ತೂಕದ ಬೊಂಬೆ ಕೂರಿಸಿ, ಉಬ್ಬು ಪಟ್ಟಿ ಇರುವ ಎರಡು ಉರುಳೆಗಳ ಮೇಲೆ 2 ಲಕ್ಷ ಸುತ್ತು ಓಡಿಸುತ್ತಾರೆ. ಆಮೇಲೆ 5 ಸೆಂಟಿಮೀಟರ್ ಎತ್ತರದಿಂದ 6,666 ಸಲ ಬೀಳಿಸುತ್ತಾರೆ. ನಮ್ಮ ರಸ್ತೆ ಹಂಪುಗಳನ್ನು ನೋಡಿದವರಿಗೆ ಅದು ಜಾಸ್ತಿ ಅನ್ನಿಸುವುದಿಲ್ಲ. ಆ ಪರೀಕ್ಷೆಯ ಪತ್ರ ಇದೆಯಾ, ಎಷ್ಟು ಕೆಜಿ ಬೊಂಬೆಗೆ ಮಾಡಿದ್ದು ಅಂತ ಕೇಳಿ. ಅಂಗಡಿಯವರು ತಡವರಿಸಿದರೆ ಅದೂ ಒಂದು ಉತ್ತರವೇ.


ಅಚ್ಚುಬೆಲ್ಲ, ಮಂಡ್ಯ
ಸೋಮವಾರ, ರಾತ್ರಿ 9:00

ತೂಕದ ಬಗ್ಗೆ ಒಂದು ಮಾತು. ನಮ್ಮಪ್ಪಾಜಿಯನ್ನು ನಾವು ತೂಕ ಮಾಡಿಸಿದ್ದು ಬೆಲ್ಲದ ಮಂಡಿಯಲ್ಲಿ. ನೆಲಮಟ್ಟದ ಕಾಟಾ, ಹತ್ತುವ ಕಷ್ಟ ಇಲ್ಲ. ಬೆಳಿಗ್ಗೆ ಗಾಡಿಗಳು ಬರುವ ಮೊದಲು ಹೋಗಿ, ಯಾರೂ ಇರುವುದಿಲ್ಲ. ಒಂದು ಬೆಂಚು ಇಟ್ಟು ಕೂರಿಸಿ, ಆಮೇಲೆ ಬೆಂಚಿನ ತೂಕ ಕಳೆಯಿರಿ. ಅಪ್ಪಾಜಿ ಮಾತ್ರ "ಎಷ್ಟ್ ಅಚ್ಚು ಆಯ್ತೋ" ಅಂತ ಕೇಳಿ ಎಲ್ಲರನ್ನೂ ನಗಿಸಿದರು.


ರಾತ್ರಿಪಾಳಿ, ಮೈಸೂರು
ಮಂಗಳವಾರ, ಬೆಳಗಿನ ಜಾವ 4:20

ನಾನು ನರ್ಸ್. ಎಲ್ಲರೂ ಕಬ್ಬಿಣದ ಬಗ್ಗೆ ಮಾತಾಡುತ್ತಿದ್ದೀರಿ, ನಾನು ಚರ್ಮದ ಬಗ್ಗೆ ಹೇಳುತ್ತೇನೆ.

ಶುಗರ್ ಇದೆ ಅಂದಿರಿ. ದಪ್ಪ ಇರುವವರಿಗೆ "ಒಳಗೇ ದಿಂಬಿದೆಯಲ್ಲ, ಹುಣ್ಣು ಆಗಲ್ಲ" ಅಂತ ಮನೆಯವರು ಅಂದುಕೊಳ್ಳುತ್ತಾರೆ. ಸುಳ್ಳು. ಭಾರ ಜಾಸ್ತಿ ಇದ್ದಷ್ಟೂ ಒತ್ತಡ, ಬೆವರು, ಉಜ್ಜಾಟ ಎಲ್ಲಾ ಜಾಸ್ತಿ. ಕೈಹಿಡಿಯ ಪಕ್ಕದ ತಗಡು ತೊಡೆಗೆ ಒತ್ತುವ ಜಾಗ, ಹೊಟ್ಟೆಯ ಮಡಿಕೆ, ತೊಡೆ ಸಂದು, ಇವನ್ನೆಲ್ಲ ದಿನಾ ಸಂಜೆ ಟಾರ್ಚ್ ಹಿಡಿದು ನೋಡಿ. ಕೆಂಪಗಿದ್ದು, ಬೆರಳಲ್ಲಿ ಒತ್ತಿ ಬಿಟ್ಟಾಗಲೂ ಕೆಂಪು ಹೋಗದೆ ಹಾಗೇ ಇದ್ದರೆ ಡಾಕ್ಟರಿಗೆ ತೋರಿಸಿ, ಕಾಯಬೇಡಿ. ಮಡಿಕೆಗಳನ್ನು ತೊಳೆದು ಒತ್ತಿ ಒರೆಸಿ. ಉಜ್ಜಬೇಡಿ. ಪೌಡರ್ ಸುರಿಯಬೇಡಿ, ಬೆವರಿಗೆ ಉಂಡೆ ಕಟ್ಟಿಕೊಂಡು ಅದೇ ಗೀರುತ್ತದೆ.

ಬರೀ ರೆಕ್ಸಿನ್ ಸೀಟಿನಲ್ಲಿ ಕೂರಿಸಬೇಡಿ. ಅದು ದಿನ ಹೋದ ಹಾಗೆ ತೊಟ್ಟಿಲ ಥರ ಜೋತುಬೀಳುತ್ತದೆ, ತೊಡೆಗಳೆರಡೂ ಒಳಕ್ಕೆ ಬಂದು ಕಚ್ಚಿಕೊಳ್ಳುತ್ತವೆ. ಕೆಳಗೆ ಅಳತೆಗೆ ಕತ್ತರಿಸಿದ ಗಟ್ಟಿ ಪ್ಲೈವುಡ್, ಮೇಲೆ ಒಳ್ಳೆಯ ಫೋಮ್ ಅಥವಾ ಜೆಲ್ ದಿಂಬು. ಅಂಗಡಿಯ ಮಾಮೂಲಿ ಸ್ಪಂಜು ಇವರ ತೂಕಕ್ಕೆ ಎರಡು ವಾರದಲ್ಲಿ ಚಪಾತಿ ಆಗುತ್ತದೆ. ಪರೀಕ್ಷೆ ಸುಲಭ. ಅವರು ಕೂತಾಗ ದಿಂಬಿನ ಕೆಳಗೆ ಕೈ ಹಾಕಿ. ಮೂಳೆ ನಿಮ್ಮ ಕೈಗೆ ಗಟ್ಟಿಯಾಗಿ ತಾಗಿದರೆ ಆ ದಿಂಬು ಸತ್ತುಹೋಗಿದೆ ಅಂತ ಅರ್ಥ. ದಿಂಬು ಹಾಕಿದರೆ ಸೀಟು ಎರಡು ಮೂರು ಇಂಚು ಏರುತ್ತದೆ, ಕಾಲು ನೆಲಕ್ಕೆ ಎಟುಕುತ್ತದಾ ಅಂತ ದಿಂಬಿನ ಸಮೇತ ಕೂರಿಸಿಯೇ ನೋಡಿ.

ಅರ್ಧ ಗಂಟೆಗೊಮ್ಮೆ ಭಾರ ಬದಲಿಸಬೇಕು. ಮಂಡಿ ಮೇಲೆ ಮೊಣಕೈ ಊರಿ ಮುಂದಕ್ಕೆ ಬಾಗಲಿ, ಇಲ್ಲ ಒಂದು ಪಕ್ಕಕ್ಕೆ ವಾಲಿ ಒಂದೆರಡು ನಿಮಿಷ ಇರಲಿ. ಬ್ರೇಕ್ ಹಾಕಿ, ಎರಡೂ ಪಾದ ನೆಲದಲ್ಲಿ ಊರಿ, ಆಮೇಲೆ. ಧಾರಾವಾಹಿಯ ಜಾಹೀರಾತು ಬಂದಾಗಲೆಲ್ಲ ಮಾಡಿ ಅಂತ ನಾನು ಹೇಳುವುದು, ಎಲ್ಲರಿಗೂ ನೆನಪಿರುತ್ತದೆ.

ಕೊನೆಗೆ, ಏಳುವಾಗ ಫುಟ್‌ರೆಸ್ಟ್ ಮೇಲೆ ಕಾಲಿಟ್ಟು ಏಳಲು ಬಿಡಲೇಬೇಡಿ. ಕುರ್ಚಿ ಮುಂದಕ್ಕೆ ಮಗುಚುತ್ತದೆ. ಫುಟ್‌ರೆಸ್ಟ್ ಪಕ್ಕಕ್ಕೆ ತಿರುಗಿ ಕಳಚಿಕೊಳ್ಳುವಂಥದ್ದು ಇದ್ದರೆ ಒಳ್ಳೆಯದು. ಕಂಕುಳಿಗೆ ಕೈ ಹಾಕಿ ಎತ್ತುವುದೂ ಬೇಡ, ಅವರ ಭುಜ ಹೋಗುತ್ತದೆ, ನಿಮ್ಮ ಬೆನ್ನು ಹೋಗುತ್ತದೆ. ನನ್ನದು ಹೋಗಿದೆ, ಅದಕ್ಕೇ ಹೇಳುತ್ತಿದ್ದೇನೆ.


ಬಸ್ಸಾರುಮನೆ, ಮಂಡ್ಯ
ಬುಧವಾರ, ರಾತ್ರಿ 10:05

ಇಷ್ಟೊಂದು ಜನ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಎಲ್ಲವನ್ನೂ ಅವ್ವನಿಗೆ ಓದಿ ಹೇಳಿದೆ. ಕೊಪ್ಪಲು ಅಣ್ಣ ಅಂಗಾತ ಬಿದ್ದ ಕಥೆ ಕೇಳಿ ಅವ್ವ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು, ಕ್ಷಮಿಸಿ ಅಣ್ಣ. ಆಮೇಲೆ "ಪಾಪ, ಆವಪ್ಪಂಗೂ ಹಂಗೇ ಆಯ್ತಾ" ಅಂದಳು. ಮಾರನೇ ದಿನ ತಾನೇ ಬೆಂಚು ತರಿಸಿ ಕೂತಳು.

ಅಳತೆ: ಅಗಲ 21 ಇಂಚು, ತೊಡೆಯ ಹತ್ತಿರ. ಆಳ 19. ಬೆಲ್ಲದ ಮಂಡಿಗೂ ಹೋಗಿಬಂದೆವು, ಬೆಳಿಗ್ಗೆ ಆರಕ್ಕೆ. ಬೆಂಚು ಸಮೇತ 140, ಬೆಂಚು 9. ಅಂದರೆ ಅವ್ವ 131.

ಹಾಗಾದರೆ 136 ಕೆಜಿಯ ಕುರ್ಚಿ ಸಾಕಲ್ವಾ? ಅದು ಸ್ವಲ್ಪ ಕಡಿಮೆ ಬೆಲೆಗೆ ಸಿಗುತ್ತಿದೆ. ಇನ್ನೊಂದು, ಅವ್ವನಿಗೆ ಯಾರೂ ತಳ್ಳುವುದು ಬೇಡವಂತೆ, ತಾನೇ ತಿರುಗಿಸಬೇಕಂತೆ. 40 ವರ್ಷ ಮುದ್ದೆ ಕಟ್ಟಿದ ಕೈ, ಶಕ್ತಿಗೇನೂ ಕಮ್ಮಿ ಇಲ್ಲ. ಬಚ್ಚಲ ಬಾಗಿಲಿನ ದಾರಿ ಹೇಳಿ. ಮುಂಬಾಗಿಲು ಹಳೇ ಕಾಲದ ಎರಡು ರೆಕ್ಕೆಯ ಬಾಗಿಲು, 38 ಇಂಚು ಇದೆ, ಅಲ್ಲಿ ತೊಂದರೆ ಇಲ್ಲ. ಆದರೆ ಜಗಲಿಯಿಂದ ಅಂಗಳಕ್ಕೆ ಎರಡು ಮೆಟ್ಟಿಲು, ಒಟ್ಟು 14 ಇಂಚು.


ಬರೀಫಿಸಿಯೋ, ಮೈಸೂರು
ಗುರುವಾರ, ಬೆಳಿಗ್ಗೆ 8:45

131ಕ್ಕೆ 136 ಬೇಡ. ಆ ಮಿತಿಯಲ್ಲಿ ದಿಂಬು, ಹಲಗೆ, ಮಡಿಲಲ್ಲಿ ಇಟ್ಟುಕೊಳ್ಳುವ ಚೀಲ, ನೀರಿನ ಬಾಟಲಿ ಎಲ್ಲಾ ಸೇರುತ್ತದೆ. ಒಂದು ಹಂಪು ಇಳಿದಾಗ ಆ ಕ್ಷಣಕ್ಕೆ ಬೀಳುವ ಏಟು ಕೂತ ತೂಕಕ್ಕಿಂತ ಎಷ್ಟೋ ಜಾಸ್ತಿ. 160ರಿಂದ 180 ತಡೆಯುವುದನ್ನು ನೋಡಿ. ಸೀಟು 22 ಅಗಲ, 17 ಆಳ.

ಬಚ್ಚಲಿಗೆ ಬೇರೆ ಕುರ್ಚಿ. ಕಮೋಡ್ ಚೇರ್, ಅಂದರೆ ಶೌಚಕ್ಕೆ ಸೀಟಿನ ನಡುವೆ ತೂತು ಇರುವ ಕುರ್ಚಿ. ಅದರಲ್ಲಿ ನಾಲ್ಕೂ ಸಣ್ಣ ಚಕ್ರ, ಸೀಟಿನ ಕೆಳಗೇ ಅಡಗಿರುತ್ತವೆ, ಪಕ್ಕಕ್ಕೆ ಚಾಚುವುದಿಲ್ಲ. ಹಾಗಾಗಿ ಅಷ್ಟೇ ಅಗಲದ ಸೀಟಿಗೆ ಹೊರಗಿನ ಅಗಲ ಮೂರ್ನಾಲ್ಕು ಇಂಚು ಮಾತ್ರ ಜಾಸ್ತಿ. ನಿಮ್ಮ 27ರಲ್ಲಿ ನುಸುಳಬೇಕು. ಆದರೆ ಅದಕ್ಕೂ ತೂಕದ ಮಿತಿ ನೋಡಿ. ಮಾಮೂಲಿ ಕಮೋಡ್ ಚೇರ್ 100 ಕೆಜಿಯ ಆಸುಪಾಸಿಗೆ ಮುಗಿಯುತ್ತದೆ. ದೊಡ್ಡ ವೀಲ್‌ಚೇರ್ ತಂದು ಹಳೇ ಕಮೋಡ್ ಚೇರ್ ಮುರಿದುಕೊಂಡು ಬಿದ್ದವರನ್ನು ನೋಡಿದ್ದೇನೆ.

ಆಮೇಲೆ 27 ಅಂದದ್ದು ಚೌಕಟ್ಟಿನ ಒಳ ಅಳತೆಯಾ, ಬಾಗಿಲು ತೆರೆದಾಗ ಉಳಿಯುವ ಜಾಗವಾ? ಬಾಗಿಲು 90 ಡಿಗ್ರಿಗೆ ನಿಂತರೆ ಅದರ ದಪ್ಪವೇ ಒಂದೂವರೆ ಇಂಚು ತಿನ್ನುತ್ತದೆ.


ಬಸ್ಸಾರುಮನೆ, ಮಂಡ್ಯ
ಗುರುವಾರ, ಬೆಳಿಗ್ಗೆ 9:10

ಅಯ್ಯೋ, ಚೌಕಟ್ಟಿನ ಅಳತೆ. ಬಾಗಿಲು ತೆರೆದರೆ 25 ಮುಕ್ಕಾಲು.


ಆರ್ಕ್‌ಕಿಡಿ, ಮಂಡ್ಯ
ಗುರುವಾರ, ಮಧ್ಯಾಹ್ನ 2:15

ಬಾಗಿಲು ಬಿಚ್ಚಿ ಹಾಕಿ ದಪ್ಪ ಪರದೆ ಕಟ್ಟಿ. ಇಲ್ಲದಿದ್ದರೆ ಗೋಡೆಯ ಹೊರಗೆ ಜಾರುವ ಬಾಗಿಲು ಮಾಡಿಕೊಡುತ್ತೇನೆ. 27 ಪೂರ್ತಿ ಸಿಗುತ್ತದೆ. ಬಚ್ಚಲ ಹೊಸ್ತಿಲು ಎಷ್ಟು ಎತ್ತರ ಇದೆ ನೋಡಿ, ಕಮೋಡ್ ಚೇರ್‌ನ ಸಣ್ಣ ಚಕ್ರ ಒಂದು ಇಂಚಿಗೂ ಮುಷ್ಕರ ಹೂಡುತ್ತದೆ. ಎರಡೂ ಕಡೆಗೆ ಸಿಮೆಂಟಿನಲ್ಲಿ ಇಳಿಜಾರು ಎಳೆಸಿ.

ಈಗ ಜಗಲಿ. ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದ, ಇದು ಲೆಕ್ಕ. 14 ಇಂಚಿಗೆ 14 ಅಡಿ. ಜನ ನನ್ನ ಹತ್ತಿರ ಬಂದು "ಐದು ಅಡಿಯಲ್ಲಿ ಮುಗಿಸಪ್ಪ, ಬೈಕ್ ಹತ್ತಿಸಲ್ವಾ" ಅನ್ನುತ್ತಾರೆ. ಬೈಕಿಗೆ ಎಂಜಿನ್ ಇದೆ ಸ್ವಾಮಿ. ಅವ್ವ 131, ಕುರ್ಚಿ ಒಂದು 25 ಅನ್ನಿ, 156 ಕೆಜಿ. 14 ಅಡಿ ಇಳಿಜಾರಿನಲ್ಲಿ ತಳ್ಳಲು 13 ಕೆಜಿಯಷ್ಟು ಬಲ ಬೇಕು. 7 ಅಡಿಗೆ ಮುಗಿಸಿದರೆ 26 ಕೆಜಿ. ಐದು ಅಡಿಗೆ ಅಂದರೆ 35 ದಾಟುತ್ತದೆ, ಇಳಿಯುವಾಗ ಅಷ್ಟನ್ನೂ ಹಿಡಿದು ನಿಲ್ಲಿಸಬೇಕು. ನಿಮ್ಮ ಕೈಯಲ್ಲಿ ಆಗುತ್ತದಾ?

ಅಂಗಳ ಎಷ್ಟು ಉದ್ದ?


ಬಸ್ಸಾರುಮನೆ, ಮಂಡ್ಯ
ಗುರುವಾರ, ಮಧ್ಯಾಹ್ನ 2:40

13 ಅಡಿ, ಅಷ್ಟೇ ಅಗಲ. ತುಳಸಿಕಟ್ಟೆ ಬಿಟ್ಟು.


ಆರ್ಕ್‌ಕಿಡಿ, ಮಂಡ್ಯ
ಗುರುವಾರ, ಮಧ್ಯಾಹ್ನ 3:05

ಹಾಗಾದರೆ ಎಲ್ ಆಕಾರ. ಜಗಲಿಯಿಂದ 8 ಅಡಿ ಇಳಿದು, 5 ಅಡಿ ಚೌಕದ ಸಮತಟ್ಟು, ಅಲ್ಲಿ ತಿರುಗಿ ಇನ್ನು 6 ಅಡಿ. ಸಮತಟ್ಟು ಕಡಿಮೆ ಮಾಡಬೇಡಿ, ಅಷ್ಟು ದೊಡ್ಡ ಕುರ್ಚಿ ತಿರುಗಲು ಜಾಗ ಬೇಕು. ಎರಡೂ ಅಂಚಿಗೆ ಎರಡು ಇಂಚು ಕಟ್ಟೆ, ಚಕ್ರ ಜಾರಬಾರದು. ನೆಲ ನುಣ್ಣಗೆ ಮಾಡಬೇಡಿ, ಪೊರಕೆ ಎಳೆದು ಗೀರು ಬಿಡಿ. ಕಂಬಿ ನಾನು ಹಾಕಿಕೊಡುತ್ತೇನೆ, ಸಾಮಾನಿನ ದುಡ್ಡು ಕೊಡಿ ಸಾಕು. ಇಳಿಸುವಾಗ ಕುರ್ಚಿಯನ್ನು ಹಿಮ್ಮುಖವಾಗಿ ಇಳಿಸಿ, ನೀವು ಕೆಳಗೆ ನಿಂತು.


ಪಂಚಾಯ್ತಿಕಟ್ಟೆ, ಪಾಂಡವಪುರ
ಗುರುವಾರ, ಸಂಜೆ 6:30

ಸರ್ಕಾರದ ಕಡೆಯಿಂದ ಏನು ಸಿಗಬಹುದು ಅಂತ ಯಾರೂ ಬರೆದಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯ ಪಟ್ಟಿ ಮಾಡಿದ್ದಾರೆ. ಬೊಜ್ಜು ಅದರಲ್ಲಿ ಇಲ್ಲ. ಹಾಗಾಗಿ "ದಪ್ಪ ಇದ್ದಾರೆ, ಕುರ್ಚಿ ಕೊಡಿ" ಅಂದರೆ ಆಗುವುದಿಲ್ಲ. ಚಲನ ವೈಕಲ್ಯ ಪಟ್ಟಿಯಲ್ಲಿದೆ. ಮಂಡಿ ಸವೆದು ನಡೆಯಲಾಗದ್ದನ್ನು ವೈದ್ಯಕೀಯ ಮಂಡಳಿ ಪರೀಕ್ಷೆ ಮಾಡಿ ಶೇಕಡಾವಾರು ಬರೆದುಕೊಟ್ಟರೆ ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ) ಆಗುತ್ತದೆ, ಅದರ ಮೇಲೆ ವಿಕಲಚೇತನರಿಗೆ ಸಾಧನ ಸಲಕರಣೆ ಕೊಡುವ ಕೇಂದ್ರದ ಅಡಿಪ್ ಯೋಜನೆಗೆ ಅರ್ಜಿ ಹಾಕಬಹುದು. ನಿಮ್ಮ ತಾಯಿಗೆ 60 ದಾಟಿದೆ, ಬಿಪಿಎಲ್ ಕಾರ್ಡ್ ಇದ್ದರೆ ಹಿರಿಯರಿಗೆ ಇಂಥ ಸಲಕರಣೆ ಕೊಡಲು 2017ರಲ್ಲಿ ಶುರುವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯೂ ಇದೆ. ಹಳ್ಳಿಯವರಾದರೆ ಗ್ರಾಮ ಪಂಚಾಯ್ತಿಯಲ್ಲಿ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಅರ್ಜಿ ಅವರೇ ತುಂಬಿಸುತ್ತಾರೆ.

ಶಿಬಿರಕ್ಕೆ ಹೋಗುವ ಮೊದಲೇ ಅಳತೆ, ತೂಕ ಎರಡನ್ನೂ ಕಾಗದದಲ್ಲಿ ಬರೆದುಕೊಡಿ. ಇಲ್ಲದಿದ್ದರೆ ಮಾಮೂಲಿ ಕುರ್ಚಿ ಕೈಗೆ ಬಂದು, ಫೋಟೋ ತೆಗೆಸಿಕೊಂಡು, ಮನೆಗೆ ತಂದ ಮೇಲೆ ಅದರ ಮೇಲೆ ಬಟ್ಟೆ ಒಣಗಿಸುವುದಾಗುತ್ತದೆ. ನಮ್ಮ ಬೀದಿಯಲ್ಲೇ ಅಂಥದ್ದು ಎರಡಿವೆ.


ಒಂಟಿಕಾಲುಕೊಪ್ಪಲು, ಮೈಸೂರು
ಶುಕ್ರವಾರ, ಬೆಳಿಗ್ಗೆ 7:20

ಸಾಗಿಸುವ ವಿಷಯ ಮರೆಯಬೇಡಿ. ಎರಡು ಎಕ್ಸ್ ಇರುವ ಕುರ್ಚಿ ಮಡಚಿದರೂ ದಪ್ಪಗೇ ಇರುತ್ತದೆ, ತೂಕ 25 ಕೆಜಿ. ಪ್ಯಾಸೆಂಜರ್ ಆಟೋದಲ್ಲಿ ನಾವೂ ಕುರ್ಚಿಯೂ ಇಬ್ಬರೂ ಹಿಡಿಯುವುದಿಲ್ಲ. ಗುಂಡಿ ಒತ್ತಿದರೆ ದೊಡ್ಡ ಚಕ್ರ ಕಳಚಿ ಬರುವಂಥದ್ದು ಸಿಕ್ಕರೆ ಕಾರಿನ ಡಿಕ್ಕಿಗೆ ಹಾಕುವುದು ಸುಲಭ.

ಟೈರ್ ಗಟ್ಟಿ ರಬ್ಬರಿನದೋ ಗಾಳಿಯದೋ ಅಂತ ಕೇಳುತ್ತಾರೆ. ಗಾಳಿಯದು ಹಳ್ಳಕೊಳ್ಳದಲ್ಲಿ ಮೆತ್ತಗೆ ಹೋಗುತ್ತದೆ. ಆದರೆ ವೀಲ್‌ಚೇರ್ ಬ್ರೇಕ್ ಅಂದರೆ ಟೈರನ್ನು ಒತ್ತುವ ಒಂದು ಕಡ್ಡಿ ಅಷ್ಟೇ. ಗಾಳಿ ಕಡಿಮೆಯಾದರೆ ಬ್ರೇಕ್ ಹಿಡಿಯುವುದಿಲ್ಲ, ಏಳಲು ಹೋದಾಗ ಕುರ್ಚಿ ಹಿಂದಕ್ಕೆ ಸರಿಯುತ್ತದೆ. ನಮ್ಮ ತೂಕಕ್ಕೆ ಗಾಳಿ ಬೇಗ ಇಳಿಯುತ್ತದೆ. ವಾರಕ್ಕೊಮ್ಮೆ ನೋಡುವ ತಾಳ್ಮೆ ಇಲ್ಲದಿದ್ದರೆ ಗಟ್ಟಿ ರಬ್ಬರ್ ತಗೊಳ್ಳಿ. ನನ್ನದು ಗಟ್ಟಿ ರಬ್ಬರ್. ತಾಳ್ಮೆ ಇಲ್ಲ.


ನೇರನುಡಿ72
ಶುಕ್ರವಾರ, ಬೆಳಿಗ್ಗೆ 11:00

ನಾನು ಮೊದಲು ಬರೆದದ್ದು ಸರಿಯಾಗಿ ಓದದೆ ಬರೆದದ್ದು. ಬೇಜಾರು ಮಾಡಿಕೊಳ್ಳಬೇಡಿ ತಾಯಿ.


ಬಸ್ಸಾರುಮನೆ, ಮಂಡ್ಯ
ಎರಡು ವಾರದ ನಂತರ, ಭಾನುವಾರ, ರಾತ್ರಿ 8:30

ಕುರ್ಚಿ ಬಂತು! ಮೈಸೂರಿಗೇ ಹೋಗಿ ತಂದೆವು. ಮೊದಲ ಅಂಗಡಿಯಲ್ಲಿ ಒಂದೇ ಎಕ್ಸ್. ಬಗ್ಗಿ ನೋಡಿ ಎದ್ದು ಬಂದೆ, ಅಂಗಡಿಯವರು ನನ್ನನ್ನು ವಿಚಿತ್ರವಾಗಿ ನೋಡಿದರು. ಎರಡನೇ ಕಡೆ 22 ಇಂಚು, ಎರಡು ಎಕ್ಸ್, 180 ಕೆಜಿ, ಆಕ್ಸಲ್‌ಗೆ ಮೂರು ತೂತು. ಪರೀಕ್ಷೆಯ ಕಾಗದ ಕೇಳಿದೆ, ಹುಡುಕಿ ತಂದು ತೋರಿಸಿದರು. ಅರ್ಧ ಗಂಟೆ ಅಲ್ಲೇ ಕೂರಿಸಿದೆ. ಕೈಹಿಡಿಗೂ ತೊಡೆಗೂ ನಡುವೆ ನನ್ನ ಅಂಗೈ ಸಲೀಸಾಗಿ ಹೋಯಿತು. ಆಂಟಿ ಟಿಪ್ಪರ್ ಬೇರೆ ದುಡ್ಡು ಕೊಟ್ಟು ಹಾಕಿಸಿದೆ. ಎಲ್ಲಾ ಸೇರಿ 21,800 ಆಯಿತು, ಜೆಲ್ ದಿಂಬು ಬೇರೆ. ಕಮೋಡ್ ಚೇರ್‌ಗೆ ಚೀಟಿ ಎತ್ತಬೇಕು, ಅಲ್ಲಿವರೆಗೆ ಬಚ್ಚಲಿಗೆ ಗೋಡೆ ಹಿಡಿದೇ ಆ ಎರಡು ಹೆಜ್ಜೆ.

ಕಿಡಿ ಅಣ್ಣ ಇಳಿಜಾರು ಮುಗಿಸಿಕೊಟ್ಟರು. ತುಳಸಿಕಟ್ಟೆ ಒಂದಡಿ ಸರಿಸಬೇಕಾಯಿತು, ಅವ್ವನಿಗೆ ಅದೊಂದು ಬೇಸರ.

ಮೊದಲ ದಿನ ಬರೀ ಜಗಲಿವರೆಗೆ. ಎರಡನೇ ದಿನ ಅಂಗಳ. ಮೂರನೇ ದಿನ ನಾನು ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದೆ, ಹೊರಗೆ ಮಾತು ಕೇಳಿತು. ಹೋಗಿ ನೋಡಿದರೆ ಅವ್ವ ಗೇಟಿನ ಹತ್ತಿರ. ಎರಡೂ ಬ್ರೇಕ್ ಹಾಕಿಕೊಂಡು, ತರಕಾರಿ ಗಾಡಿಯವನ ಜೊತೆ ಹೀರೇಕಾಯಿ ಬೆಲೆಗೆ ಜಗಳ. ಅವನು "ಎಲ್ಲೋಗಿದ್ರವ್ವ ಇಷ್ಟ್ ದಿನ" ಅಂತ ಕೇಳಿದ. "ಊರಿಗೋಗಿದ್ದೆ" ಅಂದಳು.

ಈಗ ಒಂದು ಸಣ್ಣ ತೊಂದರೆ. ಮುಂದಿನ ಬಲಗಡೆಯ ಸಣ್ಣ ಚಕ್ರ ಕೀಚ್ ಅನ್ನುತ್ತದೆ, ಸ್ವಲ್ಪ ಎಳೆದ ಹಾಗೆ ಆಗುತ್ತದೆ. ಎಣ್ಣೆ ಬಿಡಲಾ?


ಒಂಟಿಕಾಲುಕೊಪ್ಪಲು, ಮೈಸೂರು
ಭಾನುವಾರ, ರಾತ್ರಿ 8:52

ಎಣ್ಣೆ ಬೇಡಮ್ಮ, ಧೂಳು ಹಿಡಿಯುತ್ತದೆ. ತಲೆಗೂದಲು ಸುತ್ತಿಕೊಂಡಿರುತ್ತದೆ, ನೂರಕ್ಕೆ ತೊಂಬತ್ತು ಸಲ ಅದೇ. ಹೇರ್‌ಪಿನ್ ಅಥವಾ ಹಳೇ ಕ್ರೋಷಾ ಕಡ್ಡಿ ತಗೊಂಡು ಕವಲಿನ ಒಳಗಿಂದ ಎಳೆಯಿರಿ. ಅವ್ವನನ್ನು ಇಳಿಸಿ ಆಮೇಲೆ ಮಾಡಿ.


ಬಸ್ಸಾರುಮನೆ, ಮಂಡ್ಯ
ಭಾನುವಾರ, ರಾತ್ರಿ 9:15

ಒಂದು ಜಡೆ ಹೆಣೆಯುವಷ್ಟು ಬಂತು ಅಣ್ಣ. ಎಲ್ಲಾ ನನ್ನದೇ.